ಞಾ ಟ್ರಾಂಗ್: ಅಪ್ಪ ಅಮ್ಮನ ಜೊತೆ ಅವಸರವಿಲ್ಲದೆ ಕಳೆದ ಒಂದು ದಿನ

ಮೈಸೂರುಮನೆ

2025ರ ಏಪ್ರಿಲ್ ಎರಡನೆಯ ವಾರ ಅಪ್ಪ, ಅಮ್ಮ, ನಮ್ಮ ಯಜಮಾನರು, ಏಳು ವರ್ಷದ ಮಗಳು ಮತ್ತು ನಾನು ವಿಯೆಟ್ನಾಂಗೆ ಹೋಗಿ ಬಂದೆವು. ಒಟ್ಟು ಒಂಬತ್ತು ದಿನ. ಹೋ ಚಿ ಮಿನ್ ನಗರದಲ್ಲಿ ನೋಡಿದ್ದೂ ಬಹಳ, ದಣಿದದ್ದೂ ಬಹಳ. ಆದರೆ ಮನೆಗೆ ಬಂದ ನೆಂಟರೆದುರು ಅಮ್ಮ ಹೇಳುವುದು ಒಂದೇ ದಿನದ ಕಥೆ. ಅದು ಸಮುದ್ರದಂಡೆಯ ಞಾ ಟ್ರಾಂಗ್‌ನಲ್ಲಿ ಕಳೆದ ಮೂರನೆಯ ದಿನ. ಅಂದಿಗೆಂದು ನಾವು ಯಾವ ಟಿಕೆಟ್ಟನ್ನೂ ಕಾದಿರಿಸಿರಲಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗಬಹುದು.

ಮೊದಲು ಊರಿನ ಹೆಸರು. ಪತ್ರಿಕೆಗಳಲ್ಲಿ ನ್ಹಾ ಟ್ರಾಂಗ್, ನಾ ಟ್ರಾಂಗ್ ಎಂದೆಲ್ಲ ಬರುತ್ತದೆ. ಅಲ್ಲಿಯವರ ಬಾಯಲ್ಲಿ ಕೇಳಿದರೆ ಅದು ನಮ್ಮ ಞ. ಈ ಅಕ್ಷರವನ್ನು ಎಲ್ಲ ಮಕ್ಕಳಿಗೂ ಕಲಿಸುತ್ತೇವೆ, ಆದರೆ ಅದರಿಂದ ಶುರುವಾಗುವ ಒಂದು ಪದ ಹೇಳಿ ಎಂದರೆ ಮೇಷ್ಟರೂ ತಡಕಾಡುತ್ತಾರೆ. ನನ್ನ ಮಗಳು ರೈಲು ನಿಲ್ದಾಣದ ಫಲಕದ ಕೆಳಗೆ ನಿಂತು, "ಅಮ್ಮಾ, ಞಗೆ ಒಂದು ಊರು ಸಿಕ್ಕಿತು" ಎಂದಳು.

ಹೋ ಚಿ ಮಿನ್ ನಗರದಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು 411 ಕಿಲೋಮೀಟರ್. ಮೊದಲ ಎರಡು ದಿನ ನಾವು ಮಾಡಿದ ತಪ್ಪೆಂದರೆ ಮೈಸೂರಿನ ಗಡಿಯಾರವನ್ನು ಜೊತೆಗೇ ಕೊಂಡೊಯ್ದದ್ದು. ಎಂಟೂವರೆಗೆ ತಿಂಡಿ, ಹತ್ತಕ್ಕೆ ಹೊರಗೆ, ಮಧ್ಯಾಹ್ನವಿಡೀ ಸುತ್ತಾಟ. ಹತ್ತು ಗಂಟೆಗೆ ಮರಳು ಕಾಲಿಡಲಾಗದಷ್ಟು ಕಾದಿರುತ್ತಿತ್ತು, ದಂಡೆಯ ಮೇಲೆ ಊರಿನವರು ಒಬ್ಬರೂ ಕಾಣುತ್ತಿರಲಿಲ್ಲ. ಎರಡನೆಯ ದಿನ ಸಂಜೆಯ ಹೊತ್ತಿಗೆ ಅಮ್ಮನಿಗೆ ಮಂಡಿ ಊದಿತು. "ನಾಳೆ ನೀವೆಲ್ಲ ಹೋಗಿ ಬನ್ನಿ, ನಾನು ಕೋಣೆಯಲ್ಲೇ ಇರುತ್ತೇನೆ" ಎಂದರು. ವಸತಿಗೃಹದ ಎದುರು ರಾತ್ರಿ ಕಾವಲಿಗೆ ಕೂರುತ್ತಿದ್ದ ಹಿರಿಯರು ಅಮ್ಮ ಕುಂಟುವುದನ್ನು ನೋಡಿ, ಮೊಬೈಲಿನಲ್ಲಿ 4:45 ಎಂದು ಒತ್ತಿ ಸಮುದ್ರದ ಕಡೆ ಕೈ ತೋರಿಸಿದರು.

ಮರುದಿನ ಐದಕ್ಕೆ ಮೊದಲೇ ಹೋದೆವು. ಇನ್ನೂ ಬೆಳಕು ಹರಿದಿರಲಿಲ್ಲ, ಅಷ್ಟರಲ್ಲೇ ಇಡೀ ಊರು ನೀರಿನಲ್ಲಿತ್ತು. ಅಜ್ಜಿಯರು ಗುಂಪಾಗಿ ಎದೆಮಟ್ಟದ ನೀರಿನಲ್ಲಿ ನಿಂತು ಮಾತನಾಡುತ್ತಿದ್ದರು, ಹೂವಿನ ಟೋಪಿ ಕೂಡ ತೆಗೆದಿರಲಿಲ್ಲ. ನಮ್ಮಲ್ಲಿ ಬಾವಿಕಟ್ಟೆಯ ಹತ್ತಿರ ನಡೆಯುತ್ತಿದ್ದ ಮಾತುಕತೆ ಅಲ್ಲಿ ಸಮುದ್ರದೊಳಗೆ ನಡೆಯುತ್ತದೆ. ಗಂಡಸರು ದಂಡೆಯ ಕಂಬಿಗಳಲ್ಲಿ ಜೋತು ವ್ಯಾಯಾಮ ಮಾಡುತ್ತಿದ್ದರು. ಶಾಲೆಗೆ ಹೋಗಬೇಕಾದ ಮಕ್ಕಳು ಈಜಿ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದರು. ಏಳರ ಹೊತ್ತಿಗೆ ಎಲ್ಲರೂ ಮನೆಗೆ ಹೊರಟುಬಿಡುತ್ತಾರೆ.

ಅಲ್ಲಿ ಒಬ್ಬ ಹಿರಿಯ ಹೆಂಗಸು ಮರಳಿನಲ್ಲಿ ಗುಂಡಿ ತೋಡಿ ಸೊಂಟದವರೆಗೆ ಹೂತುಕೊಂಡು ಕುಳಿತಿದ್ದರು. ಕಾಲುನೋವಿಗೆ ಹಾಗೆ ಕೂರುವುದು ಅಲ್ಲಿನವರ ಹಳೆಯ ರೂಢಿ. ಅಮ್ಮ ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂರುವುದನ್ನು ಕಂಡು ಅವರು ಪಕ್ಕದ ಮರಳನ್ನು ಅಂಗೈಯಿಂದ ತಟ್ಟಿದರು. ಅಮ್ಮ ನನ್ನ ಮುಖ ನೋಡಿದರು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡರು, ಹೋಗಿ ಕುಳಿತರು. ಆ ಹೆಂಗಸು ಎರಡೂ ಕೈಯಲ್ಲಿ ಮರಳು ಬಾಚಿ ಅಮ್ಮನ ಮಂಡಿಯ ಮೇಲೆ ಸುರಿದು, ರೊಟ್ಟಿ ತಟ್ಟುವ ಹಾಗೆ ತಟ್ಟಿ ತಟ್ಟಿ ಗಟ್ಟಿ ಮಾಡಿದರು. ಆಮೇಲೆ ಬೆರಳಿನಿಂದ ಮರಳಿನ ಮೇಲೆ 1953 ಎಂದು ಬರೆದು ತಮ್ಮ ಎದೆ ಮುಟ್ಟಿಕೊಂಡರು. ಅಮ್ಮ ಅದರ ಕೆಳಗೆ 1957 ಎಂದು ಬರೆದರು. ಹೆಂಗಸು ನಕ್ಕು ತಮ್ಮನ್ನು ತೋರಿಸಿ "ಚಿ" ಎಂದರು, ಅಮ್ಮನನ್ನು ತೋರಿಸಿ "ಎಮ್" ಎಂದರು. ಅಮ್ಮ ತಟ್ಟನೆ ನನಗೆ ಹೇಳಿದರು: "ಇವರು ಅಕ್ಕ, ನಾನು ತಂಗಿ. ಅದನ್ನೇ ಹೇಳುತ್ತಿದ್ದಾರೆ." ಅದು ಸರಿಯಾಗಿತ್ತು ಎಂದು ನನಗೆ ಗೊತ್ತಾದದ್ದು ಕೋಣೆಗೆ ಬಂದು ಮೊಬೈಲಿನಲ್ಲಿ ನೋಡಿದ ಮೇಲೆ.

ಆಮೇಲಿನದೆಲ್ಲ ತಾನಾಗಿಯೇ ಸಾಗಿತು. ಆರೂವರೆಗೆ ರಸ್ತೆಬದಿಯಲ್ಲಿ ಬಾಳೆಲೆಯ ತುಂಡಿನ ಮೇಲೆ ಕಡಲೆಕಾಯಿ ಹಾಕಿದ ಅಂಟಕ್ಕಿಯ ಅನ್ನ, ಮೇಲೆ ಎಳ್ಳುಪುಡಿ. ಅದರ ಹೆಸರು ಸೋಯ್. ಜೊತೆಗೆ ಬಿಸಿ ಸೋಯಾ ಹಾಲು. ಎಂಟಕ್ಕೆ ಕೋಣೆಗೆ ವಾಪಸ್. ಹನ್ನೊಂದಕ್ಕೆ ಊಟ, ಹನ್ನೆರಡಕ್ಕೆ ನಿದ್ದೆ. ಊರಿಗೆ ಊರೇ ಮಲಗುವ ಹೊತ್ತು ಅದು. ಅಂಗಡಿಯವರು ಬಾಗಿಲು ಅರ್ಧ ಎಳೆದುಕೊಂಡು ಜೋಲಿಯಲ್ಲಿ ಮಲಗಿರುತ್ತಾರೆ. ಬೈಕ್ ಓಡಿಸಿ ಬದುಕುವವರು ಬೈಕಿನ ಸೀಟಿನ ಮೇಲೆಯೇ ಕಾಲು ಚಾಚಿ ನಿದ್ದೆ ತೆಗೆಯುತ್ತಾರೆ. ಅಪ್ಪ ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕ್ಯಾಷಿಯರ್ ಆಗಿದ್ದವರು, ಹಗಲು ನಿದ್ದೆ ಮಾಡಿದವರಲ್ಲ. ಅಂದು ಎರಡೂವರೆಯವರೆಗೆ ಮಲಗಿದರು.

ಮೂರೂವರೆಗೆ ಪೊ ನಗರ್ ಗೋಪುರಗಳಿಗೆ ಹೋದೆವು. ಕಾಯ್ ನದಿ ಸಮುದ್ರ ಸೇರುವ ಜಾಗದ ಗುಡ್ಡದ ಮೇಲೆ ಇಟ್ಟಿಗೆಯ ಗುಡಿಗಳು. ದೊಡ್ಡ ಗೋಪುರದ ಒಳಗೆ ಹತ್ತು ಕೈಗಳ ದೇವಿ, ಮೈತುಂಬ ರೇಷ್ಮೆಯ ಉಡುಗೆ, ಮುಂದೆ ಹಣ್ಣು ಹೂವಿನ ರಾಶಿ. ಅಮ್ಮ ಬಹಳ ಹೊತ್ತು ಕೈಮುಗಿದು ನಿಂತಿದ್ದರು. ಹೊರಗೆ ಬಂದು, "ಬೆಟ್ಟದ ಮೇಲೆ ಚಾಮುಂಡಿ ಇದ್ದ ಹಾಗೇ ಇದ್ದಾಳೆ" ಎಂದಷ್ಟೇ ಹೇಳಿದರು. ಐದಕ್ಕೆ ಮತ್ತೆ ಸಮುದ್ರ, ರಾತ್ರಿ ಬಾಞ್ ಕಾನ್ ಎಂಬ ತಿಂಡಿ. ಒಂಬತ್ತಕ್ಕೆ ಎಲ್ಲರೂ ಮಲಗಿದೆವು. ದಿನವಿಡೀ ಒಟ್ಟು ಎರಡು ಕಿಲೋಮೀಟರ್ ನಡೆದಿರಬಹುದು, ಅಷ್ಟೇ.

ನಾನು ಹೇಳಬೇಕಾದದ್ದು ಇಷ್ಟು: ಹಿರಿಯರ ಜೊತೆ ಅಲ್ಲಿಗೆ ಹೋದರೆ ಒಂದು ದಿನವಾದರೂ ಆ ಊರಿನ ಗಡಿಯಾರಕ್ಕೆ ನಿಮ್ಮನ್ನು ಒಪ್ಪಿಸಿಕೊಳ್ಳಿ. ಹಾಗೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ತೆಂಕುಗಾಳಿ

ಅಕ್ಕ, ಓದಿ ಸಂತೋಷವಾಯಿತು. ಆದರೆ ಒಂದು ಮಾತು ಕೇಳಲೇಬೇಕು. ನಾನು ಮಲ್ಪೆಯ ಹತ್ತಿರದವನು. ಸಮುದ್ರದ ದಂಡೆಯಲ್ಲಿ ಕೂರಲು ಅಷ್ಟು ದೂರ, ಅಷ್ಟು ಖರ್ಚು ಬೇಕೇ? ನಮ್ಮ ಪಡುಕೆರೆಯಲ್ಲೂ ಮರಳಿದೆ, ಬೆಳಗಿನ ಐದು ಗಂಟೆಯೂ ಇದೆ. ಕರಾವಳಿಗೆ ಬರುವ ಮೈಸೂರು, ಬೆಂಗಳೂರಿನವರು ನೆತ್ತಿಯ ಮೇಲೆ ಸೂರ್ಯ ಬಂದ ಮೇಲೆ ನೀರಿಗಿಳಿಯುತ್ತಾರೆ, ಸಂಜೆ ಕಾರು ಹತ್ತುತ್ತಾರೆ.

ಮೈಸೂರುಮನೆ

ನಿಮ್ಮ ಮಾತು ನ್ಯಾಯವಾದದ್ದು. ಮಲ್ಪೆಗೆ ಮೂರು ಸಲ ಬಂದಿದ್ದೇನೆ, ಮೂರು ಸಲವೂ ನೀವು ಹೇಳಿದ ಹಾಗೆಯೇ ಬಂದು ಹೋಗಿದ್ದೇನೆ. ಆದರೆ ಅಮ್ಮ ನಮ್ಮ ಕರಾವಳಿಯಲ್ಲಿ ಎಂದೂ ನೀರಿಗೆ ಇಳಿದವರಲ್ಲ. ಅಲ್ಲಿ ಅವರ ವಯಸ್ಸಿನ ನೂರಾರು ಹೆಂಗಸರು ನೀರಿನಲ್ಲಿದ್ದರು, ಮೈತುಂಬ ಬಟ್ಟೆ ಉಟ್ಟೇ ಇಳಿದಿದ್ದರು, ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಮಂಡಿಯ ಮರಳು ಕೊಡವಿ ಎದ್ದ ಮೇಲೆ ಅಮ್ಮ ಆ ಹೆಂಗಸಿನ ಕೈ ಹಿಡಿದು ಸೊಂಟದ ಮಟ್ಟದವರೆಗೆ ಹೋದರು. ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ. ಅದಕ್ಕೆ ಅಷ್ಟು ದೂರ ಹೋಗಬೇಕಾಯಿತು ಎನ್ನುವುದು ನನಗೂ ನೋವಿನ ವಿಷಯವೇ.

ತೆಂಕುಗಾಳಿ

ಅರ್ಥವಾಯಿತು ಅಕ್ಕ. ನಮ್ಮ ಕಡೆ ಹೆಂಗಸರು ಮೀನು ವಿಂಗಡಿಸಲು ದಂಡೆಗೆ ಬರುತ್ತಾರೆ, ಈಜಲು ಬರುವುದಿಲ್ಲ. ನನ್ನ ಅಮ್ಮನೂ ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದವಳು, ಪಾದಕ್ಕಿಂತ ಮೇಲೆ ನೀರು ತಾಗಿಸಿಕೊಂಡದ್ದನ್ನು ನಾನು ನೋಡಿಲ್ಲ. ಇದನ್ನು ಇಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಸೈಗಾನ್ ಕನ್ನಡಿಗ

ಹೋ ಚಿ ಮಿನ್ ನಗರದಲ್ಲಿ ಕೆಲಸದ ಮೇಲೆ ಆರು ವರ್ಷದಿಂದ ಇದ್ದೇನೆ. ನಿಮ್ಮ ತಾಯಿಯವರು ಅರ್ಧ ನಿಮಿಷದಲ್ಲಿ ಹಿಡಿದದ್ದನ್ನು ನಾನು ಹಿಡಿಯಲು ಆರು ತಿಂಗಳು ಬೇಕಾಯಿತು. ಈ ಭಾಷೆಯಲ್ಲಿ ನಾನು, ನೀನು ಎಂಬ ಪದಗಳ ಜಾಗದಲ್ಲಿ ದಿನಬಳಕೆಗೆ ನಂಟಿನ ಪದಗಳೇ ಬರುತ್ತವೆ. ದೊಡ್ಡ ಗಂಡಸು ಆಞ್, ದೊಡ್ಡ ಹೆಂಗಸು ಚಿ, ಚಿಕ್ಕವರು ಎಮ್. ಅಮ್ಮನ ವಯಸ್ಸಿನವರು ಕೊ, ತಂದೆ ತಾಯಿಗಿಂತ ಹಿರಿಯರು ಬಾಕ್, ಅಜ್ಜ ಓಂಗ್, ಅಜ್ಜಿ ಬಾ. ಎದುರಿಗಿರುವವರ ವಯಸ್ಸು ಗೊತ್ತಾಗದೆ ವಾಕ್ಯವನ್ನೇ ಶುರು ಮಾಡಲಾಗುವುದಿಲ್ಲ, ಆದ್ದರಿಂದ ಮೊದಲ ಭೇಟಿಯಲ್ಲೇ ಹುಟ್ಟಿದ ವರ್ಷ ಕೇಳುತ್ತಾರೆ. ಅದು ಅಧಿಕಪ್ರಸಂಗವಲ್ಲ, ಮರ್ಯಾದೆ. ನಮ್ಮಲ್ಲಿ ತರಕಾರಿ ಗಾಡಿಯವರನ್ನು ಅಣ್ಣ ಎನ್ನಬೇಕೇ, ಅಜ್ಜ ಎನ್ನಬೇಕೇ ಎಂದು ಒಂದು ಗಳಿಗೆ ಯೋಚಿಸುತ್ತೇವಲ್ಲ, ಅದೇ ಇದು. ಅಕ್ಕ ತಂಗಿ ಎಂದು ಒಮ್ಮೆ ಆಯಿತೆಂದರೆ ಮುಂದಿನ ಮಾತೆಲ್ಲ ಆ ನಂಟಿನ ಮೇಲೆಯೇ ನಡೆಯುತ್ತದೆ.

ಊಟದ ಬಗ್ಗೆಯೂ ಬರೆಯುತ್ತೇನೆ, ಇಲ್ಲಿ ಬಹಳ ಮಂದಿ ಸಸ್ಯಾಹಾರಿಗಳಿದ್ದೀರಿ. ಫಲಕದ ಮೇಲೆ "ಚಾಯ್" ಎಂದು ಇರುವ ಅಂಗಡಿ ಹುಡುಕಿ. ಅದು ಚಹಾ ಅಲ್ಲ, ಬೌದ್ಧ ಪದ್ಧತಿಯ ಸಸ್ಯಾಹಾರ. ಚಾಂದ್ರಮಾನ ತಿಂಗಳ 1 ಮತ್ತು 15ನೆಯ ದಿನ ಅನೇಕ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ, ಅಂದು ಚಾಯ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೇರೆ ಅಂಗಡಿಗಳಲ್ಲಿ ತರಕಾರಿಯ ಪದಾರ್ಥಕ್ಕೂ ಮೀನಿನ ಸಾರದ ನುವೊಕ್ ಮಾಮ್ ಬಿದ್ದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೇಳಲೇಬೇಕು. ಇನ್ನೊಂದು, ತಿಂಡಿಗಳ ಮೇಲೆ ಹಸಿರಾಗಿ ಈರುಳ್ಳಿ ಎಲೆಯ ಎಣ್ಣೆ ಸುರಿಯುತ್ತಾರೆ. ಅದರ ಹೆಸರು ಮೋ ಹಾಞ್. ಮೋ ಎಂದರೆ ಕೊಬ್ಬು. ಈಗ ಅಡುಗೆ ಎಣ್ಣೆಯಲ್ಲೂ ಮಾಡುತ್ತಾರೆ, ಆದರೆ ಹಳೆಯ ಪದ್ಧತಿಯಲ್ಲಿ ಅದು ಹಂದಿ ಕೊಬ್ಬು. ಬಾಞ್ ಕಾನ್ ಮೇಲೂ ಅದನ್ನೇ ಹಾಕುತ್ತಾರೆ. ನಿಮ್ಮ ತಾಯಿಯವರು ತಿಂದರೇ?

ಮೈಸೂರುಮನೆ

ಇಲ್ಲ. ಮಧ್ಯಾಹ್ನ ಚಾಯ್ ಅಂಗಡಿಯಲ್ಲೇ ಊಟ ಮಾಡಿದ್ದರು, ತೋಫು, ಅಣಬೆ, ಬಸಳೆಯಂಥದೊಂದು ಸೊಪ್ಪಿನ ಸಾರು. ಬಾಞ್ ಕಾನ್ ಅಂಗಡಿಯಲ್ಲಿ ಪಕ್ಕದ ಗುಳಿಗೆ ಮೊಟ್ಟೆ ಒಡೆದು ಹಾಕುವುದನ್ನು ನೋಡಿದರು, ನನಗೆ ಬೇಡ ಎಂದರು. ನಾವು ಮೂವರು ಮತ್ತು ಮಗಳು ಮೊಟ್ಟೆಯದನ್ನು ತಿಂದೆವು. ಆ ಎಣ್ಣೆಯ ವಿಷಯ ನಮಗೆ ಗೊತ್ತಿರಲಿಲ್ಲ, ಅಪ್ಪನೂ ತಿಂದಿದ್ದಾರೆ. ಅವರಿಗೆ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು, "ಗೊತ್ತಿಲ್ಲದೆ ಆದದ್ದು, ಬಿಡು. ಮುಂದೆ ಹೋಗುವವರಿಗೆ ತಿಳಿಯಲಿ, ಬರೆಯಲು ಹೇಳು" ಎಂದರು. ಹೇಳಿದ್ದಕ್ಕೆ ನಿಮಗೆ ಋಣಿ.

ಪಡ್ಡುಬಾಣಲೆ

ಬಾಞ್ ಕಾನ್ ಎಂದರೆ ಗುಳಿಯಪ್ಪವೇ ಎಂದು ಬಹಳ ದಿನದಿಂದ ಕೇಳಬೇಕೆಂದಿದ್ದೆ. ಹಿಟ್ಟು ಯಾವುದು? ಹುಳಿ ಬರಿಸುತ್ತಾರೆಯೇ? ದಯವಿಟ್ಟು ಬಿಡಿಸಿ ಬರೆಯಿರಿ.

ಮೈಸೂರುಮನೆ

ಅಮ್ಮ ತಿನ್ನದೆ ಪಕ್ಕದ ಸ್ಟೂಲಿನಲ್ಲಿ ಕುಳಿತು ಮುಕ್ಕಾಲು ಗಂಟೆ ನೋಡಿದ್ದಾರೆ, ಅವರನ್ನೇ ಕೇಳಿ ಬರೆಯುತ್ತಿದ್ದೇನೆ.

ಒಲೆಯೇ ಮಣ್ಣಿನದು, ಕೆಳಗೆ ಇದ್ದಿಲು. ಮೇಲೆ ಹಣತೆಯಷ್ಟು ದೊಡ್ಡ ಮಣ್ಣಿನ ಗುಳಿಗಳು, ಪ್ರತಿಯೊಂದಕ್ಕೂ ಗುಬುಟಿರುವ ಪುಟ್ಟ ಮಣ್ಣಿನ ಮುಚ್ಚಳ. ಹಿಟ್ಟು ಬರಿಯ ಅಕ್ಕಿಯದು. ನೆನೆಸಿದ ಅಕ್ಕಿಯ ಜೊತೆ ಒಂದು ಹಿಡಿ ತಂಗಳನ್ನ ಸೇರಿಸಿ ರುಬ್ಬುತ್ತಾರಂತೆ, ನಾವು ದೋಸೆಗೆ ಅನ್ನ ಹಾಕುವ ಹಾಗೆ. ಉದ್ದು ಇಲ್ಲ, ಹುಳಿಯೂ ಇಲ್ಲ. ನಮ್ಮ ಪಡ್ಡಿಗೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸ ಎಣ್ಣೆ. ಗುಳಿಗೆ ಎಣ್ಣೆ ಬಿಡುವುದನ್ನು ಅಮ್ಮ ಒಮ್ಮೆಯೂ ಕಾಣಲಿಲ್ಲ. ಮಣ್ಣು ಕಾದು ತಾನೇ ಬೇಯಿಸುತ್ತದೆ. ತಳ ಗರಿಗರಿ, ಮೇಲೆ ಇಡ್ಲಿಯ ಹಾಗೆ ಬಿಳುಪು. ಲಾವಕ್ಕಿಯ ಮೊಟ್ಟೆ, ಸಿಗಡಿ, ಕಪ್ಪೆಬೊಂಡಾಸ ಮೀನು, ಯಾವುದು ಬೇಕೋ ಅದನ್ನು ಮೇಲೆ ಇಡುತ್ತಾರೆ. ಗುಳಿಯಿಂದ ಎಬ್ಬಿಸಲು ಚಪ್ಪಟೆಯಾದ ಸಣ್ಣ ಕಬ್ಬಿಣದ ಪಟ್ಟಿ. ಎರಡನ್ನು ಮುಖಕ್ಕೆ ಮುಖ ಜೋಡಿಸಿ ಒಂದು ಜೋಡಿ ಮಾಡಿ ಕೊಡುತ್ತಾರೆ, ಲೆಕ್ಕವೂ ಜೋಡಿಯಲ್ಲೇ. ಮಾಡುವ ಹೆಂಗಸು ಬಲಗೈಯಲ್ಲಿ ಹಿಟ್ಟು ಹೊಯ್ಯುತ್ತ ಎಡಗೈಯಲ್ಲಿ ಹಿಂದಿನ ಸಾಲಿನ ಮುಚ್ಚಳ ತೆಗೆಯುತ್ತಿದ್ದಳು, ಕಣ್ಣು ಮಾತ್ರ ಗಿರಾಕಿಯ ಮೇಲೆ. ಅಮ್ಮ ಹೇಳಿದ್ದು: "ನಮ್ಮ ಅತ್ತೆಯ ಕೈ ಹೀಗೇ ಓಡುತ್ತಿತ್ತು." ಅತ್ತೆ ತೀರಿಕೊಂಡು ಇಪ್ಪತ್ತೆರಡು ವರ್ಷವಾಯಿತು.

ಪಡ್ಡುಬಾಣಲೆ

ತಾಯಿಯವರಿಗೆ ನಮಸ್ಕಾರ ತಿಳಿಸಿ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಕಲ್ಲಿನ ಗುಳಿಬಾಣಲೆ ಇದೆ. ಭಾನುವಾರ ಎಣ್ಣೆ ಇಲ್ಲದೆ, ಮುಚ್ಚಳ ಮುಚ್ಚಿ ಪ್ರಯತ್ನಿಸಿ ಬರೆಯುತ್ತೇನೆ.

ಕೋಟೆಬೀದಿ

ಪೊ ನಗರ್ ಬಗ್ಗೆ ಇನ್ನೂ ಬರೆಯಬೇಕಿತ್ತು. ನಮ್ಮ ರಾಜರು ಹಡಗಿನಲ್ಲಿ ಹೋಗಿ ಗೆದ್ದು ಕಟ್ಟಿಸಿದ ದೇವಸ್ಥಾನ ಅದು. ಚಾಮುಂಡಿಯೇ ಅಲ್ಲಿರುವುದು. ನಮ್ಮದನ್ನು ಅವರು ತಮ್ಮ ದೇವತೆ ಎಂದು ಬೇರೆ ಹೆಸರಿನಲ್ಲಿ ಪೂಜಿಸುತ್ತಿದ್ದಾರೆ.

ಶಾಸನಾಸಕ್ತ

ಕೋಟೆಬೀದಿಯವರೇ, ಅಭಿಮಾನ ಅರ್ಥವಾಗುತ್ತದೆ, ಆದರೆ ಇತಿಹಾಸ ಹಾಗಿಲ್ಲ. ಭಾರತದ ಯಾವ ರಾಜನೂ ಹೋಗಿ ಗೆದ್ದು ಆ ಗುಡಿಯನ್ನು ಕಟ್ಟಿಸಲಿಲ್ಲ. ಕಟ್ಟಿಸಿದವರು ಚಾಮ್ ಜನ, ಆ ಮಣ್ಣಿನವರೇ. ಅವರ ಭಾಷೆ ಮಲಯ ಭಾಷೆಯ ಬಳಗಕ್ಕೆ ಸೇರಿದ್ದು. ವ್ಯಾಪಾರದ ಹಡಗುಗಳ ಜೊತೆ ಬಂದ ಸಂಸ್ಕೃತವನ್ನೂ ಶಿವನನ್ನೂ ಅವರು ತಾವಾಗಿಯೇ ಆರಿಸಿಕೊಂಡು ತಮ್ಮದಾಗಿಸಿಕೊಂಡರು. ಸತ್ಯವರ್ಮ, ಇಂದ್ರವರ್ಮ ಎಂಬ ಹೆಸರುಗಳು ಚಾಮ್ ರಾಜರವು.

ಆ ಗುಡಿಯ ಶಾಸನಗಳೇ ಕಥೆ ಹೇಳುತ್ತವೆ. 774ರಲ್ಲಿ ಸಮುದ್ರದ ಮೇಲಿಂದ ಬಂದ ದಾಳಿಕೋರರು ಹಳೆಯ ಗುಡಿಯನ್ನು ಸುಟ್ಟರು. ಸತ್ಯವರ್ಮ 784ರ ಹೊತ್ತಿಗೆ ಮತ್ತೆ ಕಟ್ಟಿಸಿದ. 918ರಲ್ಲಿ ದೇವಿಗೆ ಚಿನ್ನದ ಮೂರ್ತಿ ಬಂತು. ಅದೇ ಶತಮಾನದ ನಡುವೆ ಕಾಂಬೋಡಿಯಾದ ಖಮೇರರು ಅದನ್ನು ಹೊತ್ತೊಯ್ದರು. 965ರಲ್ಲಿ ಕಲ್ಲಿನ ಮೂರ್ತಿ ಸ್ಥಾಪನೆಯಾಯಿತು. ಚಾಮರು ಆಕೆಯನ್ನು ಯಾಂಗ್ ಪೊ ನಗರ್ ಎಂದು ಕರೆದರು, ನಾಡಿನ ಒಡತಿ ಎಂದರ್ಥ. ಶಾಸನಗಳಲ್ಲಿ ಭಗವತಿ ಎಂದಿದೆ. ಬಾಗಿಲ ಮೇಲಿನ ಕುಣಿಯುವ ಮೂರ್ತಿಯನ್ನು ಮಹಿಷಾಸುರಮರ್ದಿನಿ ಎಂದು ಗುರುತಿಸುತ್ತಾರೆ. ಹಾಗಾಗಿ ಮೈಸೂರಿನ ತಾಯಿಯೊಬ್ಬರಿಗೆ ಬೆಟ್ಟದ ದೇವಿ ನೆನಪಾದದ್ದು ಸಹಜ, ಅದು ಸುಳ್ಳು ಅಲ್ಲ. ಆದರೆ "ಇದ್ದ ಹಾಗೇ ಇದ್ದಾಳೆ" ಎನ್ನುವುದಕ್ಕೂ "ನಮ್ಮದು" ಎನ್ನುವುದಕ್ಕೂ ಬಹಳ ಅಂತರವಿದೆ. ಆ ತಾಯಿ ಆಡಿದ ಮಾತೇ ಸರಿಯಾದದ್ದು.

ಇನ್ನು ಕನ್ನಡಿಗರಿಗೆ ನಿಜವಾಗಿ ಮೈ ಝುಮ್ಮೆನ್ನಿಸುವ ಸಂಗತಿ ಬೇರೆ ಇದೆ. ಞಾ ಟ್ರಾಂಗ್ ಸೀಮೆಗೆ ಚಾಮರ ಕಾಲದಲ್ಲಿ ಕೌಠಾರ ಎಂಬ ಹೆಸರಿತ್ತು. ದಕ್ಷಿಣಕ್ಕೆ ಇರುವ ಫಾನ್ ರಾಂಗ್ ಎಂಬ ಊರಿನ ಹೆಸರಿನ ಮೂಲ ಪಾಂಡುರಂಗ. ಉತ್ತರದ ರಾಜಧಾನಿ ವಿಜಯ, 1471ರಲ್ಲಿ ವಿಯೆಟ್ನಾಮರ ಕೈಸೇರಿತು. ಪಾಂಡುರಂಗ ಮಾತ್ರ 1832ರವರೆಗೆ ಹೇಗೋ ಉಳಿದುಕೊಂಡಿತ್ತು. ಞಾ ಟ್ರಾಂಗ್ ಹತ್ತಿರದ ವೊ ಕಾಞ್ ಎಂಬ ಹಳ್ಳಿಯಲ್ಲಿ ಸಿಕ್ಕ ಸಂಸ್ಕೃತ ಶಿಲಾಶಾಸನ ನಮ್ಮ ಹಲ್ಮಿಡಿಗಿಂತ ಹಳೆಯದು, ಈಗ ಹನೋಯ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಸೈಗಾನ್ ಕನ್ನಡಿಗ

ಒಂದು ಸೇರಿಸುತ್ತೇನೆ. ಚಾಮ್ ಜನ ಕಥೆಯಾಗಿಹೋದವರಲ್ಲ, ಇಂದಿಗೂ ಇದ್ದಾರೆ. ಫಾನ್ ರಾಂಗ್ ಸುತ್ತಲಿನ ಹಳ್ಳಿಗಳಲ್ಲಿ ಹಳೆಯ ದೇವತೆಗಳನ್ನು ಪೂಜಿಸುವ ಬಾಲಮೊನ್ ಚಾಮರಿದ್ದಾರೆ, ಅವರ ಕಾಟೆ ಹಬ್ಬ ನಮ್ಮ ನವರಾತ್ರಿಯ ಆಸುಪಾಸಿನಲ್ಲಿ ಬರುತ್ತದೆ. ಇಸ್ಲಾಮಿನ ಪ್ರಭಾವವಿರುವ ಬಾನಿ ಚಾಮರೂ ಅಲ್ಲೇ ಇದ್ದಾರೆ. 2025ರ ಜುಲೈ 1ರಿಂದ ಫಾನ್ ರಾಂಗ್ ಇದ್ದ ಪ್ರಾಂತ್ಯವನ್ನು ಞಾ ಟ್ರಾಂಗ್ ಇರುವ ಖಾಞ್ ಹೋವಾ ಪ್ರಾಂತ್ಯದೊಳಗೆ ಸೇರಿಸಿದ್ದಾರೆ. ಪೊ ನಗರ್ ದೇವಿಯನ್ನು ವಿಯೆಟ್ನಾಮರು ತಿಯೆನ್ ಇ ಆ ನಾ ಎಂದು ಕರೆದು ತಮ್ಮ ತಾಯಿಯೆಂದೇ ನಂಬಿದ್ದಾರೆ. ಎರಡೂ ಜನ ಒಂದೇ ಬಾಗಿಲಲ್ಲಿ ಊದುಬತ್ತಿ ಹಚ್ಚುವುದನ್ನು ನಾನು ನೋಡಿದ್ದೇನೆ. ಕೋಟೆಬೀದಿಯವರು ಒಮ್ಮೆ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ.

ಕೋಟೆಬೀದಿ

ನಾನು ಶಾಲೆಯಲ್ಲಿ ಕೇಳಿದ್ದನ್ನೇ ಬರೆದೆ. ಪಾಂಡುರಂಗದ ವಿಷಯ ಗೊತ್ತಿರಲಿಲ್ಲ. ಬರುತ್ತೇನೆ.

ಕಾಳಿಮುಖ

ಕಾರವಾರದವನು, ಸಮುದ್ರ ಜೀವಶಾಸ್ತ್ರ ಓದಿದವನು. ಮಕ್ಕಳಿದ್ದರೆ ಞಾ ಟ್ರಾಂಗ್‌ನಲ್ಲಿ ಬಿಡಬಾರದ ಜಾಗ ಬಂದರಿನ ಹತ್ತಿರದ ಸಾಗರ ವಿಜ್ಞಾನ ಸಂಸ್ಥೆ, 1922ರಿಂದ ಇದೆ. ಅಲ್ಲಿ 18 ಮೀಟರ್ ಉದ್ದದ ತಿಮಿಂಗಿಲದ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಅದರ ಪಕ್ಕೆಲುಬಿನ ಪಕ್ಕ ನಿಂತರೆ ಬಂಡಿಯ ಕಮಾನು ನೆನಪಾಗುತ್ತದೆ. ಆ ದೇಶದ ಮೀನುಗಾರರಿಗೆ ತಿಮಿಂಗಿಲ ದೇವರು, ಓಂಗ್ ಎಂದೇ ಕರೆಯುತ್ತಾರೆ. ಸತ್ತ ತಿಮಿಂಗಿಲ ದಡಕ್ಕೆ ಬಂದರೆ ಮೊದಲು ಕಂಡವನು ಹಿರಿಯ ಮಗನ ಸ್ಥಾನದಲ್ಲಿ ನಿಂತು ಸೂತಕ ಹಿಡಿಯುತ್ತಾನೆ. ವರ್ಷಗಳ ನಂತರ ಎಲುಬು ತೆಗೆದು ಗುಡಿಯಲ್ಲಿ ಇಡುತ್ತಾರೆ.

ಹವಳದ ಬಗ್ಗೆ ಬೇಸರದ ಮಾತು. ಹೋನ್ ಮುನ್ ದ್ವೀಪದ ಸುತ್ತಲಿನ ನೀರನ್ನು 2001ರಿಂದ ಸಂರಕ್ಷಿಸಿದ್ದರೂ ಹವಳ ಸಾಯುತ್ತ ಬಂತು. 2022ರ ಜೂನ್‌ನಲ್ಲಿ ಅಲ್ಲಿ ಮುಳುಗು ಈಜನ್ನೇ ನಿಲ್ಲಿಸಬೇಕಾಯಿತು. ಚಂಡಮಾರುತಗಳ ಹೊಡೆತ ಒಂದು ಕಡೆ, ಬಲೆ, ಲಂಗರು, ದಂಡೆಯ ಕಟ್ಟಡದ ಮಣ್ಣು, ಜನಜಂಗುಳಿ ಇನ್ನೊಂದು ಕಡೆ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಗೂ ಈಗ ಜನ ಮುಗಿಬೀಳುತ್ತಿದ್ದಾರೆ. ಎಲ್ಲೇ ಇಳಿದರೂ ಹವಳದ ಮೇಲೆ ಕಾಲಿಡಬೇಡಿ, ಫೋಟೋಗಾಗಿ ಮುರಿಯಬೇಡಿ. ಕೈಯಗಲ ಬೆಳೆಯಲು ಅದಕ್ಕೆ ವರ್ಷಗಳೇ ಬೇಕು.

ಮಳೆಬಿಲ್ಲು

ನಮ್ಮ ಅನುಭವ ಪೂರ್ತಿ ಬೇರೆ. ಕಡಿಮೆ ದರವೆಂದು ನವೆಂಬರಿನಲ್ಲಿ ಹೋದೆವು. ನಾಲ್ಕು ದಿನ ಬಿಡದೆ ಮಳೆ, ಸಮುದ್ರ ಕೆಂಪು, ದಂಡೆಯಲ್ಲಿ ಕೆಂಪು ಬಾವುಟ. ಪ್ರವಾಸದ ಏಜೆಂಟರು ಒಂದು ಮಾತೂ ಹೇಳಿರಲಿಲ್ಲ. ಕಿಟಕಿಯಿಂದ ಎತ್ತರದ ಕಟ್ಟಡಗಳ ಸಾಲು ನೋಡುತ್ತ ಕುಳಿತೆವು.

ಸೈಗಾನ್ ಕನ್ನಡಿಗ

ಕ್ಷಮಿಸಿ, ಅದು ಕೇಳಿ ಬೇಸರವಾಯಿತು. ಭಾರತದ ಮುಂಗಾರು ಲೆಕ್ಕ ಅಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಜೂನಿನಲ್ಲಿ ಸುರಿಯುವಾಗ ಞಾ ಟ್ರಾಂಗ್ ಒಣಗಿರುತ್ತದೆ, ಅಲ್ಲಿ ಮಳೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಫೆಬ್ರವರಿಯಿಂದ ಆಗಸ್ಟ್ ಒಳ್ಳೆಯ ಕಾಲ, ನಮ್ಮ ಬೇಸಿಗೆ ರಜೆಗೆ ಸರಿಹೊಂದುತ್ತದೆ. ಕಟ್ಟಡಗಳ ದಟ್ಟಣೆ ಬೇಡವೆಂದರೆ ಉತ್ತರಕ್ಕೆ ಕ್ವಿ ಞೋನ್ ನೋಡಿ, ಹಳೆಯ ವಿಜಯದ ಸೀಮೆ, ಚಾಮ್ ಗೋಪುರಗಳು ಅಲ್ಲೂ ಇವೆ, ಹೆಸರಿನಲ್ಲಿ ಞ ಕೂಡ ಇದೆ. ಇನ್ನು ನಗರದ ದಂಡೆ ಬೇಗ ಆಳವಾಗುತ್ತದೆ, ಪುಟ್ಟ ಮಕ್ಕಳಿದ್ದರೆ ಕಾಮ್ ರಾಞ್ ವಿಮಾನ ನಿಲ್ದಾಣದ ದಾರಿಯ ಬಾಯ್ ಯಾಯ್ ದಂಡೆ ವಾಸಿ.

ಮೈಸೂರುಮನೆ

ಆಳದ ಮಾತು ನಿಜ. ನಾಲ್ಕೈದು ಹೆಜ್ಜೆಗೆ ಮಗಳ ಕುತ್ತಿಗೆಗೆ ನೀರು ಬಂದಿತ್ತು. ಯಜಮಾನರು ಕೈ ಬಿಡಲೇ ಇಲ್ಲ.

ಇನ್ನೊಂದು ಎಚ್ಚರಿಕೆ ಮರೆತಿದ್ದೆ. ಅಲ್ಲಿನ 20,000 ಡಾಂಗ್ ನೋಟೂ ನೀಲಿ, 500,000 ನೋಟೂ ನೀಲಿ. ಎರಡರ ಮೇಲೂ ಹೋ ಚಿ ಮಿನ್ ಮುಖವೇ, ಎರಡೂ ಪ್ಲಾಸ್ಟಿಕ್. ನಾವು ಹೋದಾಗ ನಮ್ಮ ರೂಪಾಯಿಯಲ್ಲಿ ಒಂದು ಸುಮಾರು 65 ಇತ್ತು, ಇನ್ನೊಂದು 1,650. ಗೋಪುರದಿಂದ ಬರುವಾಗ ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಅಪ್ಪ ಟ್ಯಾಕ್ಸಿಯವರಿಗೆ ಒಂದರ ಬದಲು ಇನ್ನೊಂದು ಕೊಟ್ಟರು. ರಾತ್ರಿ ಲೆಕ್ಕ ಮಾಡುವಾಗ ಗೊತ್ತಾಯಿತು. ಇಡೀ ಜೀವಮಾನ ನೋಟು ಎಣಿಸಿದವರು, ಬಹಳ ನೊಂದುಕೊಂಡರು. ಮರುದಿನದಿಂದ ದೊಡ್ಡ ನೋಟುಗಳನ್ನು ಬೇರೆ ಚೀಲದಲ್ಲಿಟ್ಟು ರಬ್ಬರ್ ಬ್ಯಾಂಡ್ ಹಾಕಿದರು. ಹಿರಿಯರ ಕೈಗೆ ನೋಟು ಕೊಡುವಾಗ ಈ ಎರಡನ್ನು ಮೊದಲೇ ಬೇರ್ಪಡಿಸಿ ಕೊಡಿ.

ನಾಡಿಮಿಡಿತ

ವೈದ್ಯನಾಗಿ ಒಂದು ಜಾಗ ಸೂಚಿಸುತ್ತೇನೆ. ಸಮುದ್ರದಂಡೆಯ ಟ್ರಾನ್ ಫು ರಸ್ತೆಯಲ್ಲೇ ಪಾಶ್ಚರ್ ಸಂಸ್ಥೆ ಇದೆ, ಅದರೊಳಗೆ ಅಲೆಕ್ಸಾಂಡರ್ ಯೆರ್ಸಿನ್ ಅವರ ಪುಟ್ಟ ವಸ್ತುಸಂಗ್ರಹಾಲಯ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗ್ ರೋಗಾಣುವನ್ನು ಕಂಡುಹಿಡಿದವರು ಅವರು. ಮರುವರ್ಷ ಞಾ ಟ್ರಾಂಗ್‌ನಲ್ಲಿ ಪ್ರಯೋಗಾಲಯ ತೆರೆದರು, ಪ್ಲೇಗಿನ ಔಷಧ ತೆಗೆದುಕೊಂಡು 1897ರಲ್ಲಿ ಮುಂಬೈಗೂ ಬಂದಿದ್ದರು. ಅದಾದ ಮರುವರ್ಷ ಅದೇ ಪ್ಲೇಗ್ ಬೆಂಗಳೂರಿಗೆ ಬಂತು, ಮನೆಗಳು ಖಾಲಿಯಾದವು, ಬಸವನಗುಡಿ, ಮಲ್ಲೇಶ್ವರ ಬೆಳೆದವು, ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ನಮ್ಮ ಅಜ್ಜಿಯ ತವರಿನ ಕಡೆ ಒಂದೇ ವಾರದಲ್ಲಿ ಮೂವರು ಹೋದರಂತೆ. ಯೆರ್ಸಿನ್ ಮೀನುಗಾರರ ಕೇರಿಯಲ್ಲಿ ಮನೆ ಮಾಡಿಕೊಂಡು, ಚಂಡಮಾರುತ ಬರುವ ಮುನ್ನ ಅವರನ್ನು ಎಚ್ಚರಿಸುತ್ತ 1943ರಲ್ಲಿ ಅಲ್ಲೇ ತೀರಿಕೊಂಡರು. ಊರಿನವರು ಅವರನ್ನು ಕರೆಯುತ್ತಿದ್ದದ್ದು ಓಂಗ್ ನಾಮ್ ಎಂದು. ಫ್ರೆಂಚರ ಹೆಸರಿನ ಬಹುತೇಕ ರಸ್ತೆಗಳನ್ನು ಬದಲಾಯಿಸಿದ ದೇಶ ಅವರ ಹೆಸರನ್ನು ಉಳಿಸಿಕೊಂಡಿದೆ.

ಅಂದಹಾಗೆ, ಮರಳಿನಿಂದ ಮಂಡಿ ಹೇಗಾಯಿತು?

ಮೈಸೂರುಮನೆ

ಡಾಕ್ಟರ್, ನೋವು ಹೋಗಿಲ್ಲ. ಅಂದು ಊತ ಇಳಿದಿತ್ತು, ಅದಕ್ಕೆ ಮರಳು ಕಾರಣವೋ ಮಧ್ಯಾಹ್ನದ ನಿದ್ದೆ ಕಾರಣವೋ ತಿಳಿಯದು. ಉಳಿದ ಎರಡು ಬೆಳಿಗ್ಗೆಯೂ ಅಮ್ಮ ತಾವೇ ನಾಲ್ಕೂವರೆಗೆ ಎದ್ದು ನಮ್ಮನ್ನು ಎಬ್ಬಿಸಿದರು. ಆ ಅಕ್ಕ ಎರಡೂ ದಿನ ಅದೇ ಜಾಗದಲ್ಲಿ ಗುಂಡಿ ತೋಡಿಕೊಂಡು ಕಾದಿದ್ದರು. ಕೊನೆಯ ದಿನ ಅಮ್ಮ ತಮ್ಮ ಚೀಲದಲ್ಲಿದ್ದ ಮೈಸೂರಿನ ಗಂಧದ ಸಾಬೂನು ಕೊಟ್ಟರು. ಅವರು ಮೂಸಿ ನೋಡಿ, ಅಮ್ಮನ ಕೈಯನ್ನೂ ಮೂಸಿದರು.

ಶಾಸನಾಸಕ್ತರಿಗೆ ಅಮ್ಮನದೊಂದು ಪ್ರಶ್ನೆ. ನಾವು ಹೊರಟು ಬಂದ ಕೆಲವೇ ದಿನಕ್ಕೆ ಆ ದೇವಿಯ ಉತ್ಸವ ಇತ್ತು ಎಂದು ಆಮೇಲೆ ತಿಳಿಯಿತು. ಅವರ ಮೂರನೆಯ ಚಾಂದ್ರಮಾಸದ 20ರಿಂದ 23ರವರೆಗೆ, ಮೊದಲ ದಿನ ದೇವಿಗೆ ಸ್ನಾನ ಮಾಡಿಸಿ ಹೊಸ ಉಡುಗೆ ಉಡಿಸುತ್ತಾರಂತೆ. ನಮ್ಮ ಪಂಚಾಂಗದಲ್ಲಿ ಅದು ಯಾವ ತಿಥಿ?

ಶಾಸನಾಸಕ್ತ

ಅವರ ತಿಂಗಳೂ ನಮ್ಮ ಅಮಾಂತ ಪದ್ಧತಿಯ ಹಾಗೆ ಅಮಾವಾಸ್ಯೆಯ ಲೆಕ್ಕದ್ದೇ. ಆದ್ದರಿಂದ 20 ಎಂದರೆ ಬಹುಳ ಪಂಚಮಿಯ ಆಸುಪಾಸು. 2024ರಲ್ಲೂ 2025ರಲ್ಲೂ ಅವರ ಮೂರನೆಯ ತಿಂಗಳು ನಮ್ಮ ಯುಗಾದಿಯ ಹೊತ್ತಿಗೇ ಆರಂಭವಾಯಿತು, ಅಂದರೆ ಚೈತ್ರ. ಅವರಿಗೆ ಅಧಿಕ ಮಾಸ 2025ರಲ್ಲಿ ಬಂದಿದೆ, ನಮಗೆ 2026ರಲ್ಲಿ. ಹಾಗಾಗಿ 2026ರಲ್ಲಿ ಅದು ವೈಶಾಖಕ್ಕೆ ಬೀಳುತ್ತದೆ. ವೈಶಾಖ ಬಹುಳ ಪಂಚಮಿಯ ಆಸುಪಾಸು, ಮೇ 6, ಬುಧವಾರ.

ಮೈಸೂರುಮನೆ

ಅಮ್ಮನಿಗೆ ಓದಿ ಹೇಳಿದೆ. ಮುಂದಿನ ವರ್ಷದ ಪಂಚಾಂಗ ಇನ್ನೂ ಮನೆಗೆ ಬಂದಿಲ್ಲ, ಆದ್ದರಿಂದ ಈ ವರ್ಷದ್ದರ ಕೊನೆಯ ಹಾಳೆಯ ಹಿಂದೆ "ಮೇ 6, ದೇವಿಗೆ ಸೀರೆ" ಎಂದು ಬರೆದಿಟ್ಟಿದ್ದಾರೆ. ಅಲ್ಲಿ ಸೀರೆ ಉಡಿಸುವುದಿಲ್ಲ ಅಮ್ಮ ಎಂದೆ. "ಅಕ್ಕನಿಗೆ ಕೊಡುತ್ತೇನೆ" ಎಂದರು. ಅಪ್ಪ ವಿಮಾನದ ದರ ನೋಡುತ್ತಿದ್ದಾರೆ.